ಕಬ್ಬಿಣ ಬಿಟ್ಟು ಬಾ

"ಅಲ್ಲೇ ನಿಂದ್ರಿ! ಮೊದ್ಲು ಆ ಕಬ್ಬಿಣ ಬಿಟ್ಟು ಬರ್ರಿ."

ಗಂಗೋತ್ರಿ ಜಂಬುನಾಥನಿಗೆ ಆಡಿದ ಮೊದಲ ಮಾತು ಇದು. ಪ್ರೇಮ ಶುರುವಾಗುವುದು ಇಂಥ ಗದರಿಕೆಯಿಂದಲಾ ಎಂದರೆ, ಪಾಪಿನಾಯಕನಹಳ್ಳಿಯ ಆ ಹೊಲದಲ್ಲಿ ಶುರುವಾದದ್ದು ಹೀಗೆಯೇ, ಏನು ಮಾಡುವುದು?

ಅವನು ಒಂದು ಕಾಲು ಎತ್ತಿದವನು ಎತ್ತಿದ ಹಾಗೇ ನಿಂತ. ಎದುರಿಗೆ ಗೂಟಗಳಿಗೆ ಸುತ್ತಿದ ಹಗ್ಗದ ಬೇಲಿ, ಅದರೊಳಗೆ ಬರೀ ನೆಲ, ಒಂದು ಕಲ್ಲು, ಕಲ್ಲಿನ ಮೇಲೆ ಲ್ಯಾಪ್‌ಟಾಪು, ಪಕ್ಕದಲ್ಲಿ ಬಿದಿರುಕಡ್ಡಿಯ ಛತ್ರಿ ಹಿಡಿದ ಒಬ್ಬ ಹುಡುಗಿ.

"ಏನ್ ಕಬ್ಬಿಣ್ರೀ ಮೇಡಂ?"

"ನಿಮ್ಮ ಮೈಮ್ಯಾಲೆ ಏನೇನೈತೋ ಎಲ್ಲಾ. ಬೈಕು ಬೇವಿನ ಮರದ ಆ ಕಡಿಗೆ. ಕಡಗ, ಕೀಲಿ, ಫೋನು, ಬೆಲ್ಟು ಆ ಕಲ್ಲುಬಾನಿಯೊಳಗ."

"ಬೆಲ್ಟ್ ಬಿಚ್ಚಿದ್ರ ನನ್ನ ಮರ್ಯಾದಿ ಹೋಗ್ತೈತ್ರೀ."

ಗಂಗೋತ್ರಿ ನಗಬಾರದೆಂದು ತುಟಿ ಕಚ್ಚಿಕೊಂಡಳು. ಕಾಲ ಬಳಿ ಬಿದ್ದಿದ್ದ ಪುಂಡಿ ನಾರಿನ ಹಗ್ಗದ ತುಂಡೊಂದನ್ನು ಎಸೆದಳು. "ಇದನ್ನ ಕಟ್ಕೊಳ್ರಿ. ಮರ್ಯಾದಿ ಉಳೀತೈತಿ."

ಅವನು ಹೊಸಪೇಟೆಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟವನು. ಕಬ್ಬಿಣ ಬಿಡು ಎಂದರೆ ಅವನ ಹತ್ತಿರ ಉಳಿಯುವುದೇನು? ಆದರೂ ಒಂದೊಂದಾಗಿ ಬಿಚ್ಚಿ ದನಕ್ಕೆ ನೀರಿಡುವ ಹಳೆಯ ಕಲ್ಲುಬಾನಿಗೆ ಹಾಕಿದ. ಕೊನೆಗೆ ಕಡಗ. ಅದು ಠಣ್ ಎಂದಿತು. ಸೊಂಟಕ್ಕೆ ನಾರಿನ ಹಗ್ಗ ಬಿಗಿದುಕೊಂಡು ಹಗ್ಗದ ಬೇಲಿ ದಾಟಿ ಬಂದ. ಹೊಲ ಅವನಪ್ಪ ಮೂಕಣ್ಣನದು, ತನ್ನ ಹೊಲದಲ್ಲೇ ತಾನು ಹೀಗೆ ಕಳ್ಳನ ಹಾಗೆ ತಪಾಸಣೆ ಮಾಡಿಸಿಕೊಂಡು ಬರಬೇಕಾಯಿತಲ್ಲ ಎಂಬ ಸಿಟ್ಟು ಅವನಿಗೆ ಬರಬೇಕಿತ್ತು. ಬರಲಿಲ್ಲ. ಆ ಹುಡುಗಿಯ ಕೆನ್ನೆಯಲ್ಲಿ ತಡೆದು ನಿಲ್ಲಿಸಿದ ನಗು ಎಲ್ಲಿಂದ ಹೊರಗೆ ಬಂದೀತು ಎಂದು ನೋಡುವುದರಲ್ಲೇ ಅವನು ಮಗ್ನನಾಗಿದ್ದ.

"ಮಷಿನ್ ಎಲ್ಲೈತ್ರೀ?"

"ನೆಲದಾಗ ಹೂತೀನಿ."

ಅದು ಭೂಮಿಯ ಕಾಂತಶಕ್ತಿಯನ್ನು ಅಳೆಯುವ ಉಪಕರಣ. ಸೂರ್ಯನ ಮೇಲೆ ಆಗಾಗ ಬಿರುಗಾಳಿ ಏಳುತ್ತದೆ. ಕಾದ ಮೋಡದಂಥದ್ದೊಂದು ಅಲ್ಲಿಂದ ಕಿತ್ತುಕೊಂಡು ಹೊರಟು, ಎರಡು ಮೂರು ದಿನ ಹಾರಿ ಬಂದು ಭೂಮಿಗೆ ಬಡಿಯುತ್ತದೆ. ಬಡಿದಾಗ ಭೂಮಿಯ ಕಾಂತಶಕ್ತಿ ಅದುರುತ್ತದೆ, ಉಪಗ್ರಹಗಳು ದಾರಿ ತಪ್ಪಬಹುದು, ಕರೆಂಟೂ ಹೋಗಬಹುದು. ಅದು ಹೊರಟದ್ದನ್ನು ಕಂಡು ಹೇಳಲು ಆಕಾಶದಲ್ಲಿ ಆದಿತ್ಯ ನೌಕೆ ಇದೆ. ಬಂದು ಬಡಿದದ್ದನ್ನು ಹಿಡಿಯಲು ನೆಲದ ಮೇಲೂ ಯಾರಾದರೂ ಕೂತಿರಬೇಕಲ್ಲ? ಕಂಪ್ಲಿಯ ಮೇಷ್ಟರ ಮಗಳು ಗಂಗೋತ್ರಿ ಪಿಎಚ್.ಡಿ.ಗಾಗಿ ಹಾಗೆ ಕೂತವಳು. ನೌಕೆ ಕಂಡದ್ದಕ್ಕೂ ತನ್ನ ನೆಲ ಕಂಡದ್ದಕ್ಕೂ ತಾಳೆ ಹಾಕುವುದು ಅವಳ ಕೆಲಸ. ಹತ್ತಿರದಲ್ಲಿ ಒಂದು ಬೈಕು ಹಾದರೂ ಸಾಕು, ಕಂಪ್ಯೂಟರಿನ ಗೆರೆ ಅಲ್ಲಾಡಿ ಸೂರ್ಯನದು ಯಾವುದು ಬೈಕಿನದು ಯಾವುದು ತಿಳಿಯದ ಹಾಗಾಗುತ್ತದೆ.

"ಸಂಡೂರು ಗುಡ್ಡದ ತುಂಬ ಕಬ್ಬಿಣನ ಐತಿ. ಅದಕ್ಕ ಏನೂ ಅನ್ನಂಗಿಲ್ಲ. ನನ್ನ ಕಡಗ ನೋಡಿದ್ರ ಯಾಕ್ರೀ ಇಷ್ಟು ಸಿಟ್ಟು?"

"ಗುಡ್ಡ ನಿಂತಲ್ಲೇ ನಿಂತಿರ್ತೈತಿ. ನಿಂತ ಕಬ್ಬಿಣದ್ದೇನೂ ತೊಂದ್ರಿ ಇಲ್ಲ. ಬಂದು ಹೋಗೋದರದ್ದೇ ತೊಂದ್ರಿ."

"ಹಂಗಾದ್ರ ನಾನು ಬಂದು ಇಲ್ಲೇ ನಿಂತುಬಿಟ್ರ?"

ತಡೆದಿದ್ದ ನಗು ಆಗ ಹೊರಗೆ ಬಂತು. ಅವಳು ತಕ್ಷಣ ಲ್ಯಾಪ್‌ಟಾಪಿನ ಕಡೆ ತಿರುಗಿದಳು.

ಛತ್ರಿಯ ಕೆಳಗೆ ಎಷ್ಟು ದಿನ ಕೂರುತ್ತೀರಿ, ಒಂದು ಗುಡಿಸಲು ಹಾಕಿಕೊಡುತ್ತೇನೆ ಎಂದು ಮುಂದಿನ ವಾರ ಅವನೇ ಬಂದ. ಮೊಳೆ ಇರಬಾರದು ಎಂದಳು ಗಂಗೋತ್ರಿ. ತಗಡು ಇರಬಾರದು, ತಂತಿ ಇರಬಾರದು. ಜಂಬುನಾಥ ತಲೆ ಕೆರೆದುಕೊಂಡ. ಹುಟ್ಟಿದಾಗಿನಿಂದ ಕಬ್ಬಿಣಕ್ಕೆ ಕಬ್ಬಿಣ ಕೂಡಿಸಿ ಬಂದವನು ಬಿದಿರು, ಹಗ್ಗ, ಹಿತ್ತಾಳೆಯ ಸ್ಕ್ರೂಗಳನ್ನು ಹಿಡಿದು ಮಗುವಿನ ಹಾಗೆ ಎಡವಿದ. ಎರಡು ಸಲ ಚಾವಣಿ ಕುಸಿಯಿತು. ಮೂರನೆಯ ಸಲ ನಿಂತಿತು.

"ನೋಡ್ರಿ, ಒಂದ ಒಂದು ಮೊಳಿ ಇಲ್ಲ," ಎಂದ, ಗೋಪುರ ಕಟ್ಟಿದವನ ಹಾಗೆ ಎದೆ ಉಬ್ಬಿಸಿ. "ಅಂಗಡ್ಯಾಗ ಎಲ್ಲಾರೂ ನಗ್ತಾರ. ವೆಲ್ಡರ್ ಹೋಗಿ ಹಗ್ಗ ಹೊಸೀತಾನ ಅಂತ."

"ಮತ್ತ ಯಾಕ ಹೊಸದ್ರಿ?"

ಅವನು ಒಂದು ಗಂಟನ್ನು ಸುಮ್ಮನೆ ಬಿಚ್ಚಿ ಮತ್ತೆ ಕಟ್ಟಿದ. ಅವನ ಕಿವಿ ಕೆಂಪಾದದ್ದು ಗಂಗೋತ್ರಿಗೆ ಕಂಡಿತು.

ಆಮೇಲೆ ಅವನು ಬರುವುದು ರೂಢಿಯಾಯಿತು. ಮಧ್ಯಾಹ್ನ ಬೇವಿನ ಕಡೆಯಿಂದ ಕಡಗ ಬಾನಿಗೆ ಬೀಳುವ ಠಣ್ ಸದ್ದು ಕೇಳಿದರೆ ಸಾಕು, ಗಂಗೋತ್ರಿಯ ಕೈ ತಾನಾಗಿ ತಲೆಗೂದಲಿಗೆ ಹೋಗುತ್ತಿತ್ತು. ಅವನು ಬೇಲಿ ದಾಟುವಷ್ಟರಲ್ಲಿ ಹೆಳಲು ಮುಂದೆ ಬಂದಿರುತ್ತಿತ್ತು, ಕಣ್ಣು ಮಾತ್ರ ಏನೂ ಗೊತ್ತಿಲ್ಲದ ಹಾಗೆ ಗೆರೆಯ ಮೇಲೆ. ಅವನು ಬಾಳೆಎಲೆಯಲ್ಲಿ ಮಿರ್ಚಿ ಬಜ್ಜಿ, ಒಗ್ಗರಣಿ ಮಂಡಾಳು ತರುತ್ತಿದ್ದ, ಡಬ್ಬಿಯಲ್ಲಿ ತಂದರೆ ಬೈಗುಳ ಎಂದು ಕಲಿತಿದ್ದ. ಬಹುವಚನ ಯಾವಾಗ ಬಿದ್ದುಹೋಯಿತೋ ಇಬ್ಬರಿಗೂ ಗೊತ್ತಾಗಲಿಲ್ಲ.

ಒಂದು ದಿನ ತನ್ನ ವೆಲ್ಡಿಂಗಿನ ಕಪ್ಪು ಗಾಜು ತಂದು, "ಬಾ, ನಿನ್ನ ಸೂರ್ಯನ್ನ ನೋಡೋಣ," ಎಂದ. ಈ ಗಾಜು ಸಾಲದು, ಕಣ್ಣು ಹೋಗುತ್ತದೆ, ಹದಿನಾಲ್ಕನೇ ನಂಬರಿನದು ಬೇಕು ಎಂದು ಅವಳು ಕಸಿದುಕೊಂಡಳು. ಹೊಸಪೇಟೆಯ ಅಂಗಡಿ ಅಂಗಡಿ ತಿರುಗಿ ಅದನ್ನೂ ತಂದ. ಇಬ್ಬರೂ ಸರದಿಯಲ್ಲಿ ನೋಡಿದರು. ಹಸಿರು ಬಿಲ್ಲೆಯ ಒಂದು ಬದಿಗೆ ಸಣ್ಣ ಕಪ್ಪು ಚುಕ್ಕೆ.

"ಸೂರ್ಯಗೂ ದೃಷ್ಟಿಬೊಟ್ಟು ಇಟ್ಟಾರಲ್ಲ!"

"ಅದು ಬೊಟ್ಟಲ್ಲ, ಸೂರ್ಯನ ಕಲೆ. ಬಿರುಗಾಳಿ ಏಳೋದು ಅಲ್ಲಿಂದನ. ಭಾಳ ನಕ್ಷತ್ರಗಳಿಗೂ ಹಿಂಗ ಇರ್ತಾವ. ಸೂರ್ಯನೂ ಒಂದು ನಕ್ಷತ್ರನ, ನಮಗ ಹತ್ರ ಐತಿ ಅಷ್ಟ."

"ಹತ್ರ ಇದ್ದವರದ್ದೇ ತ್ರಾಸು ಜಾಸ್ತಿ," ಎಂದ ಜಂಬುನಾಥ. ಗಾಜನ್ನು ಕೆಳಗಿಳಿಸಿ ಅವಳನ್ನೇ ನೋಡುತ್ತ, "ನಿಂಗ್ಯಾಕ ಯಾರೂ ದೃಷ್ಟಿಬೊಟ್ಟು ಇಟ್ಟಿಲ್ಲ?" ಎಂದು ಕೇಳಿದ.

ಗಂಗೋತ್ರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅವತ್ತಿನ ಗೆರೆಯಲ್ಲಿ ಏನೂ ಇರಲಿಲ್ಲ. ನೆಟ್ಟಗಿನ ಗೆರೆ. ಅವಳ ಎದೆ ಮಾತ್ರ ಹೊಡೆದುಕೊಳ್ಳುತ್ತಿತ್ತು.

ಮನೆಗಳಿಗೆ ಗೊತ್ತಾಗದೆ ಇರುತ್ತದೆಯೇ? ಗಂಗೋತ್ರಿಯ ಮನೆಯಲ್ಲಿ ಗೋಡೆಗೆ ಬುದ್ಧನ ಪಟ. ಜಂಬುನಾಥನ ಮನೆಯಲ್ಲಿ ಜಗುಲಿಯ ತುಂಬ ದೇವರು. ಅವಳ ಅಜ್ಜಿ ತಿಪ್ಪಕ್ಕ ಇಂಥ ಮನೆಗಳ ಹೊಲದಲ್ಲಿ ಕಳೆ ಕಿತ್ತವಳು, ಅಂಗಳದಲ್ಲೇ ನಿಂತು ಕೂಲಿ ಇಸಿದುಕೊಂಡು ಬಂದವಳು, ಒಂದು ದಿನವೂ ಹೊಸ್ತಿಲು ದಾಟದವಳು. ಅದನ್ನು ಅಜ್ಜಿ ದೂರಿನ ಹಾಗೆ ಹೇಳುತ್ತಿರಲಿಲ್ಲ, ಹಾಗೇ ಇತ್ತು ಎನ್ನುತ್ತಿದ್ದಳು. ಮೊಮ್ಮಗಳಿಗೆ ಅದು ಮುಳ್ಳಿನ ಹಾಗೆ ಉಳಿದಿತ್ತು.

ಬೇಸಿಗೆಯ ಒಂದು ಮಧ್ಯಾಹ್ನ ಜಂಬುನಾಥ ಬಂದವನೇ ಗುಡಿಸಲ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತ.

"ಶನಿವಾರ ಸಂಜಿಕ ಬಂಡ್ರಿಯಿಂದ ನಮ್ಮ ಸೋದರಮಾವ ಬರಾಕತ್ಯಾನ. ತನ್ನ ಮಗಳು ಅನುಸೂಯಾನ್ನ ನಂಗ ಕೊಡ್ತೀನಿ ಅಂತ ಎಲಿ ಅಡಿಕಿ ಹಿಡಕೊಂಡು."

ಗಂಗೋತ್ರಿ ಗೆರೆ ಬಿಟ್ಟು ಅವನ ಕಡೆ ತಿರುಗಿದಳು.

"ನಾ ಅವ್ವಗ ಎಲ್ಲಾ ಹೇಳಿಬಿಟ್ಟೆ. ಅವ್ವ ಅತ್ಲು, ಬೈದ್ಲು. ಕಡೀಗೆ ಏನಂದ್ಲು ಗೊತ್ತೈತೇನು? ಕಲ್ತ ಹುಡುಗಿ, ಇವತ್ತಿಲ್ಲಿ, ನಾಳೆ ಎಲ್ಲೋ. ನಮ್ಮ ಮನ್ಯಾಗ ನಿಲ್ಲಾಕಿ ಹೌದೋ ಅಲ್ಲೋ, ಅವಳ ಬಂದು ನನ್ನ ಮುಂದ ಕುಂತು ಹೇಳ್ಲಿ. ಹೇಳಿದ್ಲಂದ್ರ ನಮ್ಮಣ್ಣನ ಮುಂದ ನಾ ಮಾತಾಡ್ತೀನಿ. ಶನಿವಾರ ಅವರು ಬರಾದ್ರೊಳಗ."

"ಒಳಗ ಕರದ್ರಾ? ಮನಿಯೊಳಗ?"

"ಮತ್ತ ಹೊರಗ ಕುಂದ್ರಸ್ತಾರೇನ?" ಅವನು ಅವಳ ಕೈ ಹಿಡಿದ. "ಬರ್ತೀ ಇಲ್ಲೋ?"

"ಬರ್ತೀನಿ. ಮೂರು ಗಂಟೇಕ ಬರ್ತೀನಿ."

ಗುರುವಾರ ಸೂರ್ಯ ಸಿಡಿದ. ನೌಕೆಯ ಸುದ್ದಿ ಬಂತು: ದೊಡ್ಡ ಬಿರುಗಾಳಿ ಹೊರಟಿದೆ, ನೆಟ್ಟಗೆ ಭೂಮಿಯ ಕಡೆಗೇ ಬರುತ್ತಿದೆ, ಶನಿವಾರ ಬಡಿಯಬಹುದು. ಗಂಗೋತ್ರಿ ಇಷ್ಟು ದಿನ ಬಿಸಿಲಲ್ಲಿ ಕೂತದ್ದೇ ಇಂಥದ್ದೊಂದಕ್ಕೆ. ಬೆಳಿಗ್ಗೆ ಬಂದು ಬಡಿದರೆ ಮಧ್ಯಾಹ್ನ ಹೋಗಬಹುದು ಎಂದು ಲೆಕ್ಕ ಹಾಕಿದಳು. ಸೂರ್ಯ ಯಾರ ಮನೆಯ ವೀಳ್ಯಕ್ಕೆ ಹೊತ್ತು ನೋಡಿಕೊಂಡು ಬರುತ್ತಾನೆ?

ಶನಿವಾರ ಬೆಳಗಿನಿಂದ ಗೆರೆ ಮಿಸುಕಲಿಲ್ಲ. ಫೋನನ್ನು ಎಂದಿನಂತೆ ಬಾನಿಗೆ ಹಾಕಿದ್ದಳು. ಲ್ಯಾಪ್‌ಟಾಪು ಕಲ್ಲಿನ ಮೇಲೆ ಕದಲದೆ ಕೂತಿರುತ್ತದೆ, ಫೋನು ಕೈಯಲ್ಲಿ ಓಡಾಡುತ್ತದೆ, ಅದಕ್ಕೇ ಬೇಲಿಯ ಹೊರಗೆ. ಅವತ್ತು ಅದನ್ನು ಸೈಲೆಂಟಿಗೂ ಹಾಕಿದಳು. ಅದೇಕೆ ಎಂದು ಆಗ ತನ್ನನ್ನು ತಾನು ಕೇಳಿಕೊಳ್ಳಲಿಲ್ಲ.

ಮೂರಾಯಿತು. ಇನ್ನೊಂದು ಸ್ವಲ್ಪ ಹೊತ್ತು, ಅಂದುಕೊಂಡಳು. ಎದ್ದಳು, ಮತ್ತೆ ಕೂತಳು. ಸೀರೆ ಉಟ್ಟು ಬಂದಿದ್ದಳು, ಪಿನ್ನೂ ಇಲ್ಲದೆ, ನೆರಿಗೆ ಕೈಯಲ್ಲೇ ಹಿಡಿದುಕೊಂಡು. ಮನಸ್ಸು ಎದ್ದು ಆ ಮನೆಯ ಹೊಸ್ತಿಲ ತನಕ ಹೋಗುತ್ತಿತ್ತು, ಅಲ್ಲಿ ಅಂಗಳದಲ್ಲಿ ನಿಂತ ಅಜ್ಜಿ ಕಾಣುತ್ತಿದ್ದಳು, ವಾಪಸು ಬಂದು ಗೆರೆಯ ಮುಂದೆ ಕೂರುತ್ತಿತ್ತು. ಗೆರೆಯ ಮುಂದೆ ಅವಳಿಗೆ ಭಯವಿರಲಿಲ್ಲ.

ನಾಲ್ಕು ದಾಟಿದ ಮೇಲೆ ಗೆರೆ ಒಮ್ಮೆಲೇ ಚಿಮ್ಮಿತು. ಆಮೇಲೆ ಕುಸಿಯಿತು, ಏಳುತ್ತ ಬೀಳುತ್ತ ಹುಚ್ಚೆದ್ದು ಕುಣಿಯಿತು. ಗಂಗೋತ್ರಿ ಎರಡೂ ಕೈ ಬಾಯಿಗೆ ಹಿಡಿದು ಅತ್ತಳು, ಸಂತೋಷಕ್ಕೆ. ಕಣ್ಣಿಗೆ ಕಾಣದ ಸೂರ್ಯನ ಏಟು ಈ ಬರಡು ನೆಲದಲ್ಲಿ, ಮೊಳೆಯಿಲ್ಲದ ಗುಡಿಸಲಲ್ಲಿ, ಅವಳ ಮುಂದೆ ಬಂದು ಬಿದ್ದಿತ್ತು. ಒಂದು ಬೈಕಿನ ಕಲೆಯೂ ಇಲ್ಲದೆ, ಶುದ್ಧವಾಗಿ.

ತಲೆ ಎತ್ತಿದಾಗ ಬಿಸಿಲು ಇಳಿದಿತ್ತು. ಬಾನಿಯಲ್ಲಿ ಫೋನಿನ ತುಂಬ ಅವನ ಕರೆಗಳು.

ಚಪ್ಪಲಿ ಮರೆತು ಓಡಿದಳು. ಮೂಕಣ್ಣನ ಮನೆಯ ಮುಂದೆ ಬಂಡ್ರಿಯ ಜೀಪು ನಿಂತಿತ್ತು. ಒಳಗೆ ನಗು, ಲೋಟಗಳ ಸದ್ದು. ನಡುಮನೆಯಲ್ಲಿ ಎಲೆ ಅಡಿಕೆಯ ತಟ್ಟೆ ಆಗಲೇ ಕೈ ಬದಲಾಗಿತ್ತು. ಗೋಡೆಗೆ ಒರಗಿ ನಿಂತ ಜಂಬುನಾಥ ಅವಳನ್ನು ಕಂಡು ತಲೆ ತಗ್ಗಿಸಿದ. ಅವನ ತಾಯಿ ಜಂಬಕ್ಕ ಮಾತ್ರ ಎದ್ದು ಬಂದಳು. ಗಂಗೋತ್ರಿಯ ಬರಿಗಾಲು ನೋಡಿದಳು, ಕೈಯಲ್ಲಿ ಹಿಡಿದ ನೆರಿಗೆ ನೋಡಿದಳು.

"ಬಾರವ್ವ. ಭಾಳ ಹೊತ್ತು ದಾರಿ ನೋಡಿದ್ನಿ," ಎಂದಳು ಮೆಲ್ಲಗೆ. "ಕುಂದ್ರು. ಬಾಯಿ ಸಿಹಿ ಮಾಡ್ಕೊ."

ಆಗ ಗಂಗೋತ್ರಿಗೆ ತಾನು ನಡುಮನೆಯಲ್ಲಿ ನಿಂತಿದ್ದೇನೆಂದು ತಿಳಿಯಿತು. ಅಷ್ಟು ಹೆದರಿದ್ದ ಹೊಸ್ತಿಲು, ಅದನ್ನು ದಾಟಿದ್ದು ಗೊತ್ತೇ ಆಗಿರಲಿಲ್ಲ. ಯಾರೂ ತಡೆದಿರಲಿಲ್ಲ. ಜಂಬಕ್ಕ ಕೈಯಲ್ಲಿಟ್ಟ ಪೇಡೆಯನ್ನು ನುಂಗಲಾರದೆ, ಉಗುಳಲಾರದೆ, ಬಾಯಲ್ಲೇ ಇಟ್ಟುಕೊಂಡು ಹೊರಗೆ ಬಂದಳು.

ಅಂಗಳದಲ್ಲಿ ಅವನು ಹಿಂದೆ ಬಂದ.

"ನೀನಾದ್ರೂ ಬರಬೇಕಿತ್ತಲ್ಲೋ. ಬೈಕ್ ಹತ್ತಿ ಬಂದು ನನ್ನ ಎಳಕೊಂಡು ಹೋಗಬೇಕಿತ್ತು."

"ಬಂದಿದ್ದೆ," ಎಂದ ಜಂಬುನಾಥ. "ಬೇವಿನ ತಿರುವಿನ ತನಕ ಬಂದೆ. ಫೋನ್ ಮಾಡಿದೆ, ಕೂಗಿದೆ. ನಿನ್ನ ಬೆನ್ನು ಕಾಣ್ತಿತ್ತು. ಅಷ್ಟರಾಗ ಮಾವನ ಜೀಪು ಊರು ಮುಟ್ಟಿತ್ತು, ಎಲ್ಲಾ ಬಿಚ್ಚಿಟ್ಟು ಬರಾಕ ಹೊತ್ತಿದ್ದಿಲ್ಲ. ಹಂಗ ಬಂದಿದ್ರ ನಿನ್ನ ಬಿರುಗಾಳಿ ಕೆಡ್ತಿತ್ತು."

"ಕೆಡಸಬೇಕಿತ್ತು," ಎಂದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡಬೇಕಾದ ಮಾತನ್ನು ಹೊತ್ತಿಗೆ ಆಡದಿದ್ದರೆ ಹೋಗುವುದೇನೆಂದು ಹೇಳಿದವರಿಲ್ಲ. "ಎಷ್ಟರ ಒಳ್ಳೆಯವನೋ ನೀನು. ಒಂದು ದಿನ ಕೆಟ್ಟವನಾಗಾಕ ಬರಲಿಲ್ಲೇನು?"

"ಎಲಿ ಅಡಿಕಿ ಆಗೈತಿ ಗಂಗೂ. ಇನ್ನ ಬಿಟ್ರ ಆ ಹುಡುಗಿ ಹೆಸರು ಕೆಡ್ತೈತಿ. ಅಕೀದೇನು ತಪ್ಪೈತಿ?"

ಅವಳದು ಏನೂ ತಪ್ಪಿರಲಿಲ್ಲ. ಅದೇ ಸಂಕಟ. ಬೈಯಲು ಕೂಡ ಒಬ್ಬರು ಸಿಗಲಿಲ್ಲ.

ಆಮೇಲೆ ಮಧ್ಯಾಹ್ನಗಳಲ್ಲಿ ಠಣ್ ಎಂಬ ಸದ್ದು ಬರಲಿಲ್ಲ. ಗಂಗೋತ್ರಿಯ ಕೈ ಮಾತ್ರ ಆ ಹೊತ್ತಿಗೆ ತಲೆಗೂದಲಿಗೆ ಹೋಗಿ, ನಾಚಿಕೊಂಡು ಕೆಳಗಿಳಿಯುತ್ತಿತ್ತು. ಅವಳ ಗೈಡು ಫೋನು ಮಾಡಿ, ಇಂಥ ಸ್ವಚ್ಛ ದಾಖಲೆ ಎಲ್ಲೂ ನೋಡಿಲ್ಲ, ಎಂದು ಹೊಗಳಿದರು. ಅವಳು ಥ್ಯಾಂಕ್ಸ್ ಸರ್ ಎಂದಳು. ಫೋನು ಬಾನಿಗಿಟ್ಟು ಬಂದು ಗುಡಿಸಲ ಬಿದಿರಿಗೆ ಹಣೆ ಆನಿಸಿ ಬಿಕ್ಕಿದಳು.

ಮದುವೆಯ ಹಿಂದಿನ ದಿನ ಬೇವಿನ ಹತ್ತಿರ ಬೈಕು ನಿಂತ ಸದ್ದಾಯಿತು. ಗೆಳೆಯ ಹುಲುಗೇಶ್ ಬೈಕಿನ ಮೇಲೇ ಕೂತಿದ್ದ. ಜಂಬುನಾಥ ಇಳಿದು ನಡೆದು ಬಂದ. ಮೈಗೆಲ್ಲ ಅರಿಶಿನ, ಕೆನ್ನೆಯ ಮೇಲೆ ಕಪ್ಪು ದೃಷ್ಟಿಬೊಟ್ಟು, ಮುಂಗೈಯ ಕಡಗದ ಪಕ್ಕದಲ್ಲೇ ಕಂಕಣ. ಕೈಯಲ್ಲಿ ಲಿಂಬೆಹಣ್ಣು ಚುಚ್ಚಿದ ಚಾಕು. ಮದುಮಗನಿಗೆ ಗಾಳಿ ಗೀಳಿ ಸೋಕದಿರಲಿ ಎಂದು ಹಿರಿಯರು ಕೊಡುವ ಕಬ್ಬಿಣ ಅದು.

ಬೇಲಿಯ ಹೊರಗೆ ನಿಂತ. ಇಬ್ಬರ ನಡುವೆ ಅದೇ ಹಳೆಯ ಹಗ್ಗ.

"ಗುಡಿಗೆ ಹೋಗಿ ಬರ್ತೀನಿ ಅಂತ ಹೇಳಿ ಬಂದೆ," ಎಂದ.

ಗಂಗೋತ್ರಿ ಅವನ ಕೆನ್ನೆಯ ಬೊಟ್ಟು ನೋಡಿದಳು. ಕೈಯ ಚಾಕು ನೋಡಿದಳು. ಒಂದು ಸಲ, ಒಂದೇ ಸಲ ಕೇಳಿಬಿಡೋಣ ಅನಿಸಿತು.

"ಕಬ್ಬಿಣ ಬಿಟ್ಟು ಬಾ, ಜಂಬು."

ಅವನ ಮುಷ್ಟಿ ಚಾಕುವಿನ ಹಿಡಿಯ ಮೇಲೆ ಬಿಗಿಯಾಯಿತು. ಸಡಿಲಾಯಿತು. ಮತ್ತೆ ಬಿಗಿಯಾಯಿತು.

"ಇದನ್ನ ಬಿಡಂಗಿಲ್ಲ. ತಾಳಿ ಕಟ್ಟಾತನಕ ಕೈಲಿಂದ ಇಡಂಗಿಲ್ಲ ಅಂದಾರ."

ಅವಳು ತಲೆಯಾಡಿಸಿದಳು. "ಹಂಗಾದ್ರ ಹಿಡಕೊಂಡೇ ಬಾ," ಎಂದಳು.

"ನಿನ್ನ ಗೆರಿ ಕೆಡ್ತೈತಿ."

"ಕೆಡ್ಲಿ ಬಾ."

ಅವನು ಹಗ್ಗ ದಾಟಿದ. ಮೊದಲ ಸಲ ಕಬ್ಬಿಣದೊಂದಿಗೆ ದಾಟಿದ. ಗುಡಿಸಲ ಬಾಗಿಲಿಗೆ ಬರುವಷ್ಟರಲ್ಲಿ ಪರದೆಯ ಮೇಲೆ ನೆಟ್ಟಗಿದ್ದ ಗೆರೆ ಮೆಲ್ಲಗೆ ಮೇಲೆದ್ದಿತು.

"ಅದೇನದು?"

"ನೀನು."

ಅವನು ಬಗ್ಗಿ ನೋಡಿದ. ಅರಿಶಿನದ ವಾಸನೆ ಗುಡಿಸಲ ತುಂಬ ತುಂಬಿತು. "ಇಷ್ಟು ದಿನ ಬಂದಾಗ ನಾ ಇದರಾಗ ಕಾಣ್ತಿದ್ದಿಲ್ಲೇನು?"

"ಒಂದು ದಿನವೂ ಇಲ್ಲ. ಎಲ್ಲಾ ಬಿಟ್ಟು ಬರ್ತಿದ್ದೆಲ್ಲ."

ಅವನ ಕಣ್ಣು ತುಂಬಿತು. "ಇದನ್ನ ಇಟ್ಕೋತೀಯಾ?"

"ಇಟ್ಕೊಳ್ಳಾಕ ಬರಂಗಿಲ್ಲ. ಇದು ಸೂರ್ಯಂದಲ್ಲ. ಕತ್ತರಿಸಬೇಕು."

"ಕತ್ತರಿಸು," ಎಂದ. "ನಿನ್ನ ಕೆಲಸ ಕೆಡಬಾರ್ದು." ಚಾವಣಿಯ ಒಂದು ಗಂಟನ್ನು ಬೆರಳಿಂದ ಒತ್ತಿ ನೋಡಿದ, ಭದ್ರವಾಗಿತ್ತು. "ಮಳಿಗಾಲದಾಗ ಈ ಮೂಲಿ ಸ್ವಲ್ಪ ನೋಡ್ಕೊ."

ತಿರುಗಿ ನಡೆದ. ಗಂಗೋತ್ರಿ ಅವನ ಬೆನ್ನು ನೋಡಲಾರದೆ ಗೆರೆಯನ್ನೇ ನೋಡಿದಳು. ಅದು ಇಳಿಯಿತು, ಇಳಿಯಿತು, ಹಳೆಯ ಜಾಗಕ್ಕೆ ಬಂದು ನೆಟ್ಟಗಾಯಿತು.

ಆಗ ಬೇವಿನ ಕಡೆಯಿಂದ ಠಣ್ ಎಂದಿತು.

ಬಿಟ್ಟ! ಚಾಕು ಬಿಟ್ಟ, ಬರುತ್ತಿದ್ದಾನೆ! ಕೈ ತಲೆಗೂದಲಿಗೂ ಹೋಗಲಿಲ್ಲ, ಅವಳು ಎದ್ದು ಹಗ್ಗ ಎಡವಿ ಬಿದ್ದು ಎದ್ದು ಓಡಿದಳು. ಬೇವಿನ ಬುಡಕ್ಕೆ ಬಂದಾಗ ಬೈಕು ತಿರುವು ದಾಟಿತ್ತು. ಹಿಂದಿನ ಸೀಟಿನಲ್ಲಿ ಕೂತವನ ಕೈಯಲ್ಲಿ ಲಿಂಬೆಹಣ್ಣಿನ ಹಳದಿ ಒಂದು ಕ್ಷಣ ಕಂಡು ಮರೆಯಾಯಿತು.

ಬಾನಿಯೊಳಗೆ ಅವನ ಕಡಗ ಇತ್ತು. ಅದರ ಒಳಮೈಗೆ ಅರಿಶಿನ ಹತ್ತಿತ್ತು.

ಅಲ್ಲೇ ಕೂತು ಸಂಜೆಯ ತನಕ ಅತ್ತಳು. ಊರಿನ ಕಡೆಯಿಂದ ಮೈಕಿನ ಹಾಡು ಬರುತ್ತಿತ್ತು. ಆಮೇಲೆ ಎದ್ದು ಮುಖ ಒರೆಸಿಕೊಂಡು ಗುಡಿಸಲಿಗೆ ಬಂದಳು. ಅವನು ಬಂದು ಹೋದಷ್ಟು ಗೆರೆಯನ್ನು ಅವನು ಹೇಳಿದ ಹಾಗೇ ಕತ್ತರಿಸಿದಳು. ಲ್ಯಾಪ್‌ಟಾಪಿನ ಕಲ್ಲನ್ನು ಸ್ವಲ್ಪ ಎತ್ತಿ, ಕೆಳಗೆ ಅಂಗೈಯಗಲ ಮಣ್ಣು ತೋಡಿ, ಕಡಗವನ್ನಿಟ್ಟು ಮುಚ್ಚಿದಳು. ಕಲ್ಲನ್ನು ಮತ್ತೆ ಅದರ ಮೇಲೆ ಕೂರಿಸಿದಳು.

ಪರದೆಯ ಮೇಲೆ ಗೆರೆ ಒಮ್ಮೆ ಅಲುಗಾಡಿ ಒಂದಿಷ್ಟು ಮೇಲೆ ಹೋಯಿತು. ಗಂಗೋತ್ರಿ ಕಾದಳು. ಅದು ಮತ್ತೆ ಇಳಿಯಲಿಲ್ಲ. ಅಲ್ಲೇ ನಿಂತು ನೆಟ್ಟಗೆ ಮುಂದಕ್ಕೆ ಸಾಗಿತು.

"ನಿಂತ ಕಬ್ಬಿಣದ್ದೇನೂ ತೊಂದ್ರಿ ಇಲ್ಲ," ಎಂದಳು, ಯಾರಿಗೋ ಹೇಳುವ ಹಾಗೆ, ಮತ್ತೆ ಗೆರೆಯ ಮುಂದೆ ಕೂತಳು.